ಅನುಮೋದನೆಯ ಪಾಲು: ಚಿತ್ರಕಥೆಗಾರ ಗಿರೀಶ ಕಾರ್ನಾಡರ ಜೀವನ ಮತ್ತು ಕೃತಿ

ಬಂಗಾರಪೇಟೆ ಜಂಕ್ಷನ್ನಿನಿಂದ ಕವಲೊಡೆದು ಉರಿಗಾಂ, ಚಾಂಪಿಯನ್ ನಿಲ್ದಾಣಗಳ ಮೂಲಕ ಮಾರಿಕುಪ್ಪಂ ಸೇರುವ ಚಿಕ್ಕ ರೈಲುಮಾರ್ಗವು 1894ರಲ್ಲಿ ಆರಂಭವಾಯಿತು. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗನ ನೆನಪಿಗಾಗಿ ಅಂದು ಆ ಜಂಕ್ಷನ್ನಿನ ಊರನ್ನು ಬೌರಿಂಗ್‌ಪೇಟೆಯೆಂದು ಕರೆಯುತ್ತಿದ್ದರು. ಮಾರ್ಗದ ಉದ್ದೇಶ ಒಂದೇ ಆಗಿತ್ತು. 1880ರಿಂದ ಜಾನ್ ಟೇಲರ್ ಕಂಪನಿಯು ನಡೆಸುತ್ತಿದ್ದ ಕೋಲಾರದ ಚಿನ್ನದ ಗಣಿಗಳಿಗೆ ಯಂತ್ರಗಳನ್ನೂ ಜನರನ್ನೂ ಒಯ್ಯಬೇಕಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದೂ ಈ ಗಣಿಗಳಿಗೇ. ಬೆಂಗಳೂರಿನ ಬೀದಿಗಳಿಗೆ ಬೆಳಕು ಬಂದದ್ದು ಅದಾದ ಮೇಲೆ.

ಗಣಿಯ ಆಳ ಕಾಲಕ್ರಮದಲ್ಲಿ 3 ಕಿಲೋಮೀಟರನ್ನು ಮೀರಿತು. ಉತ್ತರ ಆರ್ಕಾಟ್, ಚಿತ್ತೂರು ಸೀಮೆಗಳಿಂದ ಬಂದ, ಬಹುಪಾಲು ದಲಿತರಾದ ತಮಿಳು ಮತ್ತು ತೆಲುಗು ಕಾರ್ಮಿಕರು ಆ ಕಾವಿನಲ್ಲಿ ಇಳಿದು ಕೆಲಸಮಾಡಿದರು. ಒತ್ತಡಕ್ಕೆ ಬಂಡೆಯೇ ಸಿಡಿದು ಅನೇಕರು ಸತ್ತರು. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕುಳಿತು ಇನ್ನನೇಕರು ಮನೆಯಲ್ಲಿ ಕೆಮ್ಮುತ್ತ ಸತ್ತರು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಉಳಿದದ್ದು ಸಯನೈಡ್ ಮಣ್ಣಿನ ದಿಬ್ಬಗಳು ಮತ್ತು ಕಾರ್ಮಿಕರ ಸಾಲುಮನೆಗಳು.

2018ರಲ್ಲಿ ಈ ಊರಿನ ಹೆಸರು ಹೊತ್ತ ಒಂದು ಚಲನಚಿತ್ರವು ದೇಶವನ್ನೆಲ್ಲ ಸುತ್ತಿತು. 2022ರಲ್ಲಿ ಅದರ ಎರಡನೆಯ ಭಾಗವೂ ಬಂದಿತು. ಅದು ಕಲ್ಪಿತ ಕಥೆ, ವೀರನೊಬ್ಬನ ಕಥೆ. ಮನರಂಜನೆಗೆಂದು ಮಾಡಿದ ಕೃತಿಯನ್ನು ಇತಿಹಾಸವಲ್ಲವೆಂದು ದೂರುವುದು ನ್ಯಾಯವಲ್ಲ. ಆದರೆ ಅದರಿಂದ ಒಂದು ಪ್ರಶ್ನೆ ಹುಟ್ಟುತ್ತದೆ. ಜನರ ಬಾಳನ್ನು ಕಥೆಯಾಗಿ ಬರೆಯುವ ಚಿತ್ರಕಥೆಗಾರನಿಗೆ ಆ ಜನರ ಬಗ್ಗೆ ಇರುವ ಹೊಣೆ ಯಾವುದು? ತೆರೆಯ ಮುಂದೆ ಕುಳಿತು ನೋಡುವವನ ಹೊಣೆ ಯಾವುದು? ಕರ್ನಾಟಕದಲ್ಲಿ ಈ ಪ್ರಶ್ನೆಯನ್ನು ಮೂರು ದಶಕಗಳ ಕಾಲ ಬಿಡದೆ ಹಿಡಿದ ಚಿತ್ರಕಥೆಗಾರರಲ್ಲಿ ಗಿರೀಶ ಕಾರ್ನಾಡರು ಮುಖ್ಯರು. ನಾಟಕಕಾರರೆಂದು ಅವರನ್ನು ಎಲ್ಲರೂ ಬಲ್ಲರು. ಚಿತ್ರಕಥೆಗಾರರಾಗಿ ಅವರು ಮಾಡಿದ ಕೆಲಸವನ್ನು ಧರ್ಮದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕೃತ, ಕಾರಿತ, ಅನುಮತ

ಜೈನ ಆಚಾರಶಾಸ್ತ್ರವು ಹಿಂಸೆಯನ್ನು ಕೈಯಿಂದ ನಡೆಯುವ ಘಾತಕ್ಕೆ ಮಾತ್ರ ಸೀಮಿತಗೊಳಿಸಿಲ್ಲ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಆಸ್ರವಕ್ಕೆ ಆಶ್ರಯವಾಗುವ ಜೀವದ ವ್ಯಾಪಾರಗಳನ್ನು ಲೆಕ್ಕಹಾಕಿ ತೋರಿಸಿದ್ದಾರೆ. ಸಂರಂಭ, ಸಮಾರಂಭ, ಆರಂಭವೆಂದು ಮೂರು ಹಂತಗಳು. ಅಂದರೆ ಸಂಕಲ್ಪ, ಸಿದ್ಧತೆ, ಕ್ರಿಯೆ. ಪ್ರತಿಯೊಂದೂ ಮನ, ವಚನ, ಕಾಯಗಳಿಂದ ನಡೆಯಬಹುದು. ಪ್ರತಿಯೊಂದನ್ನೂ ತಾನೇ ಮಾಡಬಹುದು, ಮತ್ತೊಬ್ಬರಿಂದ ಮಾಡಿಸಬಹುದು, ಮಾಡಿದ್ದನ್ನು ಒಪ್ಪಬಹುದು. ಇವೇ ಕೃತ, ಕಾರಿತ, ಅನುಮತ. ಇವೆಲ್ಲಕ್ಕೂ ಪ್ರೇರಣೆ ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳು. ಮೂರನ್ನು ಮೂರರಿಂದ, ಪುನಃ ಮೂರರಿಂದ, ಕೊನೆಗೆ ನಾಲ್ಕರಿಂದ ಗುಣಿಸಿದರೆ 108 ಆಗುತ್ತದೆ. ಜಪಮಾಲೆಯ 108 ಮಣಿಗಳಿಗೆ ಈ ಲೆಕ್ಕವನ್ನು ಹೊಂದಿಸಿ ಹೇಳುವ ಸಂಪ್ರದಾಯವನ್ನು ಶ್ರಾವಕರು ಬಲ್ಲರು.

ಈ 108ರಲ್ಲಿ 36 ಕೇವಲ ಅನುಮೋದನೆಗೆ ಸೇರಿದವು. ಲೆಕ್ಕದ ಮೂರನೆಯ ಒಂದು ಪಾಲು, ಕೈ ಎತ್ತದವನ, ಅಪ್ಪಣೆ ಕೊಡದವನ ಖಾತೆಗೆ ಬರುತ್ತದೆ. ಸಾಮಾನ್ಯ ಗೃಹಸ್ಥನು ತಾನು ಯಾರನ್ನೂ ಹೊಡೆದಿಲ್ಲ, ಹೊಡೆಸಿಲ್ಲ ಎಂದು ಸಮಾಧಾನ ಹೊಂದುವುದುಂಟು. ಅವನು ನೋಡದೆ ಬಿಡುವ ಪುಟ ಈ ಮೂರನೆಯದು. ಕಾರ್ನಾಡರು ಜೈನರಲ್ಲ, ಧಾರ್ಮಿಕ ಶ್ರದ್ಧೆಯುಳ್ಳವರೂ ಅಲ್ಲ. ಆದರೂ ಅವರ ಚಿತ್ರಕಥೆಗಳು ಮತ್ತೆ ಮತ್ತೆ ತೆರೆದು ತೋರಿಸಿದ್ದು ಇದೇ ಪುಟವನ್ನು.

ಬಾಲ್ಯ ಮತ್ತು ಶಿಕ್ಷಣ

ಗಿರೀಶ ರಘುನಾಥ ಕಾರ್ನಾಡರು 1938ರ ಮೇ 19ರಂದು ಮಹಾರಾಷ್ಟ್ರದ ಮಾಥೇರಾನಿನಲ್ಲಿ ಜನಿಸಿದರು. ತಂದೆ ರಘುನಾಥ ಕಾರ್ನಾಡರು ಸರ್ಕಾರಿ ವೈದ್ಯರು. ತಾಯಿ ಕೃಷ್ಣಾಬಾಯಿಯವರ ಜೀವನವೇ ಒಂದು ಸಾಮಾಜಿಕ ಇತಿಹಾಸ. ಬಾಲ್ಯದಲ್ಲಿ ವಿವಾಹವಾಗಿ, ಚಿಕ್ಕ ವಯಸ್ಸಿನಲ್ಲಿಯೇ ವೈಧವ್ಯ ಒದಗಿ, ಕೈಯಲ್ಲೊಂದು ಗಂಡುಮಗುವಿನೊಡನೆ ಉಳಿದ ಆಕೆ, ನರ್ಸ್ ತರಬೇತಿ ಪಡೆದು ತನ್ನ ಕಾಲ ಮೇಲೆ ನಿಂತರು. ಡಾಕ್ಟರ್ ಕಾರ್ನಾಡರು ಆಕೆಯನ್ನು ವರಿಸಲು ಇಚ್ಛಿಸಿದರೂ, ವಿಧವಾ ವಿವಾಹವನ್ನು ಸಮಾಜವು ಸಹಿಸದ ಕಾರಣ ವರ್ಷಗಳು ಕಳೆದವು. ಕೊನೆಗೆ ಆರ್ಯಸಮಾಜದ ವಿಧಿಯಂತೆ ವಿವಾಹ ನೆರವೇರಿತು. ಸಮಾಜದ ಮೌನವು ಒಬ್ಬ ನಿರಪರಾಧಿ ಸ್ತ್ರೀಯ ಬಾಳನ್ನು ಎಷ್ಟು ಕಾಲ ತಡೆಹಿಡಿಯಬಲ್ಲದೆಂಬುದನ್ನು ಮಗನು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ಈ ವೃತ್ತಾಂತವನ್ನು ಅವರು 2011ರಲ್ಲಿ ಪ್ರಕಟವಾದ ‘ಆಡಾಡತ ಆಯುಷ್ಯ’ ಎಂಬ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ದಾಖಲಿಸಿದ್ದಾರೆ.

ಬಾಲ್ಯವು ಶಿರಸಿಯಲ್ಲಿಯೂ ನಂತರ ಧಾರವಾಡದಲ್ಲಿಯೂ ಕಳೆಯಿತು. ಶಿರಸಿಯಲ್ಲಿ ಕಂಡ ಯಕ್ಷಗಾನ ಮತ್ತು ಕಂಪನಿ ನಾಟಕಗಳ ಸಂಸ್ಕಾರ ಜೀವನಪರ್ಯಂತ ಉಳಿಯಿತು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ ಮತ್ತು ಸಂಖ್ಯಾಶಾಸ್ತ್ರವನ್ನು ಓದಿ 1958ರಲ್ಲಿ ಪದವಿ ಪಡೆದರು. ರೋಡ್ಸ್ ವಿದ್ಯಾರ್ಥಿವೇತನದಿಂದ ಆಕ್ಸ್‌ಫರ್ಡಿಗೆ ಹೋಗಿ ತತ್ತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರಗಳನ್ನು ವ್ಯಾಸಂಗಮಾಡಿದರು. ಅಲ್ಲಿಯ ವಿದ್ಯಾರ್ಥಿ ಚರ್ಚಾಸಂಸ್ಥೆಯಾದ ಆಕ್ಸ್‌ಫರ್ಡ್ ಯೂನಿಯನ್ನಿಗೆ 1963ರಲ್ಲಿ ಅಧ್ಯಕ್ಷರಾದರು. ಹಿಂದಿರುಗಿ ಮದರಾಸಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ ಉದ್ಯೋಗಿಯಾದರು. ‘ಯಯಾತಿ’ 1961ರಲ್ಲಿಯೂ ‘ತುಘಲಕ್’ 1964ರಲ್ಲಿಯೂ ಹೊರಬಂದು ಅವರಿಗೆ ನಾಟಕಕಾರರೆಂಬ ಕೀರ್ತಿಯನ್ನು ತಂದವು. ಮದರಾಸಿನ ಆ ವರ್ಷಗಳಲ್ಲಿಯೇ ಚಲನಚಿತ್ರದ ಬಾಗಿಲು ತೆರೆಯಿತು.

ಸಂಸ್ಕಾರ: ಶವ ಮತ್ತು ಒಡವೆ

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯು 1965ರಲ್ಲಿ ಪ್ರಕಟವಾಯಿತು. ಅದನ್ನು ಟಿ. ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ಚಿತ್ರವಾಗಿಸಿದಾಗ ಚಿತ್ರಕಥೆಯನ್ನು ಬರೆದವರು ಕಾರ್ನಾಡರು. ಮುಖ್ಯ ಪಾತ್ರವಾದ ಪ್ರಾಣೇಶಾಚಾರ್ಯರಾಗಿಯೂ ಅವರೇ ಅಭಿನಯಿಸಿದರು. ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ, ನಾರಣಪ್ಪನಾಗಿ ಪಿ. ಲಂಕೇಶ್ ಕಾಣಿಸಿಕೊಂಡರು. ರಾಜೀವ ತಾರಾನಾಥರು ಸಂಗೀತ ನೀಡಿದರು. ಆಸ್ಟ್ರೇಲಿಯಾದ ಟಾಮ್ ಕೋವನ್ ಛಾಯಾಗ್ರಾಹಕರಾಗಿದ್ದರು. ಶೃಂಗೇರಿ ಸಮೀಪದ ವೈಕುಂಠಪುರದಲ್ಲಿ ಚಿತ್ರೀಕರಣ ನಡೆಯಿತು.

ಕಥೆಯ ಎಳೆ ಸರಳ. ಅಗ್ರಹಾರದಲ್ಲಿ ಆಚಾರಗಳನ್ನೆಲ್ಲ ಧಿಕ್ಕರಿಸಿ ಬಾಳಿದ ನಾರಣಪ್ಪನು ಪ್ಲೇಗಿನಿಂದ ಸಾಯುತ್ತಾನೆ. ಅವನ ಶವಕ್ಕೆ ಸಂಸ್ಕಾರ ಮಾಡುವವರು ಯಾರು? ಮಾಡಿದರೆ ತಮಗೆ ಮೈಲಿಗೆಯೆಂಬ ಭಯ. ಮಾಡದಿದ್ದರೆ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಆಗ ನಾರಣಪ್ಪನೊಡನೆ ಬಾಳಿದ್ದ ಚಂದ್ರಿಯು ತನ್ನ ಮೈಮೇಲಿನ ಚಿನ್ನದ ಒಡವೆಗಳನ್ನು ಬಿಚ್ಚಿ ಸಂಸ್ಕಾರದ ಖರ್ಚಿಗೆಂದು ಮುಂದಿಡುತ್ತಾಳೆ. ಅಲ್ಲಿಂದ ಚರ್ಚೆಯ ಸ್ವರೂಪವೇ ಬದಲಾಗುತ್ತದೆ. ಕ್ಷಣದ ಹಿಂದೆ ಬೇಡವೆಂದವರಿಗೆ ಈಗ ತಮ್ಮ ಹಕ್ಕು ನೆನಪಾಗುತ್ತದೆ. ಪ್ರಾಣೇಶಾಚಾರ್ಯರು ಶಾಸ್ತ್ರಗ್ರಂಥಗಳಲ್ಲಿ ಉತ್ತರವನ್ನು ಹುಡುಕುತ್ತಿರುವಂತೆ ಶವವು ಕೊಳೆಯುತ್ತದೆ. ಕೊನೆಗೆ ಚಂದ್ರಿಯು ಒಬ್ಬ ಮುಸಲ್ಮಾನನ ಸಹಾಯ ಪಡೆದು ರಾತ್ರಿಯಲ್ಲಿ ಗುಟ್ಟಾಗಿ ದಹನ ಮಾಡಿಸುತ್ತಾಳೆ. ಅಗ್ರಹಾರಕ್ಕೆ ಅದರ ಸುಳಿವೂ ಇಲ್ಲ.

ಈ ಚಿತ್ರವನ್ನು ಒಂದು ಜಾತಿಯ ನಿಂದೆಯೆಂದು ಓದಿದವರು ಅಂದೂ ಇದ್ದರು. ಮದರಾಸಿನ ಸೆನ್ಸಾರ್ ಮಂಡಳಿಯು ಪ್ರದರ್ಶನಕ್ಕೆ ಅನುಮತಿಯನ್ನು ನಿರಾಕರಿಸಿತು. ಕೇಂದ್ರಕ್ಕೆ ಮನವಿ ಹೋದ ಮೇಲೆ ಚಿತ್ರ ಬಿಡುಗಡೆಯಾಯಿತು. ಅತ್ಯುತ್ತಮ ಚಿತ್ರಕ್ಕೆ ನೀಡುವ ರಾಷ್ಟ್ರಪತಿಗಳ ಸ್ವರ್ಣಪದಕವೂ ದೊರೆಯಿತು. ಕನ್ನಡಕ್ಕೆ ಆ ಗೌರವ ಬಂದದ್ದು ಅದೇ ಮೊದಲು.

ಆದರೆ ಚಿತ್ರಕಥೆಯ ತಿರುಳು ಜಾತಿನಿಂದೆಯಲ್ಲ. ಅಗ್ರಹಾರದಲ್ಲಿ ಯಾರೂ ಯಾರನ್ನೂ ಕೊಂದಿಲ್ಲ. ಎಲ್ಲರೂ ಉಪವಾಸವಿದ್ದಾರೆ, ಎಲ್ಲರೂ ಶುದ್ಧಿಯನ್ನು ಕಾಪಾಡಿದ್ದಾರೆ. ಹೊರಗಿನ ಲೆಕ್ಕದಲ್ಲಿ ಅವರು ನಿರ್ದೋಷಿಗಳು. ಒಳಗಿನ ಲೆಕ್ಕದಲ್ಲಿ ಲೋಭವೂ ಮಾನವೂ ತುಂಬಿವೆ. ಸತ್ತವನಿಗೆ ಸಲ್ಲಬೇಕಾದ ಕನಿಷ್ಠ ಗೌರವವನ್ನು ಸಲ್ಲಿಸದ ಮೌನದಲ್ಲಿ ಎಲ್ಲರೂ ಪಾಲುದಾರರು. ಈ ಮಾತು ಯಾವ ಸಮಾಜಕ್ಕೂ, ಯಾವ ಬಸದಿಯ ಆಡಳಿತ ಮಂಡಳಿಗೂ ಅನ್ವಯಿಸಬಲ್ಲದು.

ಚಂದ್ರಿಯ ಪಾತ್ರ ವಹಿಸಿದ ಸ್ನೇಹಲತಾ ರೆಡ್ಡಿಯವರು ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ ಬಂಧಿತರಾಗಿ ಬೆಂಗಳೂರು ಸೆರೆಮನೆಯಲ್ಲಿದ್ದರು. ಆಸ್ತಮಾ ರೋಗಿಯಾಗಿದ್ದ ಆಕೆ ಪೆರೋಲ್ ಮೇಲೆ ಹೊರಬಂದು 1977ರ ಜನವರಿಯಲ್ಲಿ ತೀರಿಕೊಂಡರು. ಅನ್ಯಾಯವನ್ನು ತೆರೆಯ ಮೇಲೆ ಪ್ರಶ್ನಿಸಿದವರಲ್ಲಿ ಕೆಲವರು ತೆರೆಯ ಹೊರಗೂ ಬೆಲೆ ತೆತ್ತರೆಂಬುದನ್ನು ಇಲ್ಲಿ ಸ್ಮರಿಸಬೇಕು.

ಕುಲ, ಕಲಹ, ಕುಟುಂಬ

1971ರಲ್ಲಿ ಕಾರ್ನಾಡರು ಬಿ.ವಿ. ಕಾರಂತರೊಡನೆ ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ವನ್ನು ಚಿತ್ರವಾಗಿಸಿದರು. ನಿರ್ದೇಶನಕ್ಕಾಗಿ ಇಬ್ಬರಿಗೂ ರಾಷ್ಟ್ರಪ್ರಶಸ್ತಿ ಬಂದಿತು. ತರುಣ ವಿಧವೆ ಕಾತ್ಯಾಯನಿಯು ಪುನಃ ಬಾಳನ್ನು ಬಯಸುತ್ತಾಳೆ. ಮಾವ ಶ್ರೀನಿವಾಸ ಶ್ರೋತ್ರಿಯರು ಧರ್ಮಿಷ್ಠರು, ಕ್ರೂರಿಯಲ್ಲ. ವಂಶದ ಶುದ್ಧಿಯ ಮೇಲೆ ಬಾಳನ್ನೇ ಕಟ್ಟಿದ ಅವರಿಗೆ, ತಮ್ಮ ಜನ್ಮವೇ ಆ ವಂಶದ ರಕ್ತದಿಂದ ಆದದ್ದಲ್ಲವೆಂಬುದು ಕೊನೆಗೆ ತಿಳಿಯುತ್ತದೆ. ಕುಲಮದವನ್ನು ಎಂಟು ಮದಗಳಲ್ಲಿ ಒಂದೆಂದು ಎಣಿಸಿ, ಸಮ್ಯಗ್ದರ್ಶನಕ್ಕೆ ಬಾಧಕವೆಂದ ರತ್ನಕರಂಡಕ ಶ್ರಾವಕಾಚಾರದ ಓದುಗರಿಗೆ ಈ ತಿರುವು ಅಪರಿಚಿತವಾಗಲಾರದು. ಕೃಷ್ಣಾಬಾಯಿಯವರ ಮಗನು ಕಾತ್ಯಾಯನಿಯ ಕಥೆಯನ್ನು ಕೈಗೆತ್ತಿಕೊಂಡದ್ದೂ ಗಮನಾರ್ಹ.

1973ರ ‘ಕಾಡು’ ಚಿತ್ರವು ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯನ್ನು ಆಧರಿಸಿದ್ದು. ಎರಡು ಹಳ್ಳಿಗಳ ವೈರ, ಸೇಡು, ರಕ್ತಪಾತಗಳನ್ನು ಕಿಟ್ಟಿ ಎಂಬ ಬಾಲಕನ ಕಣ್ಣುಗಳಿಂದ ಕಾಣಿಸುವ ಚಿತ್ರವಿದು. ಅತ್ಯುತ್ತಮ ಅಭಿನೇತ್ರಿ ಮತ್ತು ಬಾಲನಟ ಪ್ರಶಸ್ತಿಗಳು ಕ್ರಮವಾಗಿ ನಂದಿನಿ ಭಕ್ತವತ್ಸಲ ಅವರಿಗೂ ಜಿ.ಎಸ್. ನಟರಾಜನಿಗೂ ಸಂದವು. ಹಿರಿಯರು ಕ್ರೋಧದಿಂದ ಮಾಡುವುದನ್ನೆಲ್ಲ ಮಗುವೊಂದು ನೋಡುತ್ತಲೇ ಇರುತ್ತದೆಂಬ ಎಚ್ಚರವೇ ಈ ಚಿತ್ರದ ನೀತಿ.

1978ರ ‘ಒಂದಾನೊಂದು ಕಾಲದಲ್ಲಿ’ ಚಿತ್ರದಲ್ಲಿ ಮಧ್ಯಯುಗದ ಬಾಡಿಗೆ ಸೈನಿಕರ ಕಥೆಯಿದೆ. ಶಂಕರ್ ನಾಗ್ ಅವರಿಗೆ ಅದು ಮೊದಲ ಚಿತ್ರ. ಅಲ್ಲಿ ಕತ್ತಿ ಹಿಡಿದವನು ಒಬ್ಬ, ಕೂಲಿ ಕೊಟ್ಟವನು ಇನ್ನೊಬ್ಬ. ವೈರವು ಕೂಲಿ ಕೊಟ್ಟವನದು, ಸಾವು ಕೂಲಿಯವನದು. ಕಾರಿತ ಹಿಂಸೆಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಕನ್ನಡ ಚಿತ್ರಗಳಲ್ಲಿ ವಿರಳ.

ಶ್ಯಾಮ್ ಬೆನೆಗಲ್ ಅವರ 1977ರ ಹಿಂದಿ ಚಿತ್ರ ‘ಭೂಮಿಕಾ’ಕ್ಕೆ ಬೆನೆಗಲ್, ಸತ್ಯದೇವ ದುಬೆ ಮತ್ತು ಕಾರ್ನಾಡರು ಕೂಡಿ ಚಿತ್ರಕಥೆ ರಚಿಸಿದರು. ಆ ಚಿತ್ರಕಥೆಗೆ ರಾಷ್ಟ್ರಪ್ರಶಸ್ತಿ ಲಭಿಸಿತು. ಮರಾಠಿ ನಟಿ ಹಂಸಾ ವಾಡಕರ್ ಅವರ ಆತ್ಮಕಥನವು ಅದಕ್ಕೆ ಮೂಲ. ಬಾಲ್ಯದಿಂದ ದುಡಿದ ನಟಿಯೊಬ್ಬಳ ಸಂಪಾದನೆಯಲ್ಲಿ ಮನೆಮಂದಿಯೆಲ್ಲ ಉಣ್ಣುತ್ತಾರೆ. ಅವಳ ಇಚ್ಛೆಯೇನೆಂದು ಕೇಳುವವರಿಲ್ಲ. ಹೊಡೆಯುವ ಗಂಡನೊಬ್ಬನಾದರೆ, ಆ ದುಡಿಮೆಯ ಅನ್ನವನ್ನು ಸುಮ್ಮನೆ ಉಂಡವರ ಪಾಲೆಷ್ಟು ಎಂಬುದು ಪ್ರೇಕ್ಷಕನಿಗೆ ಉಳಿಯುವ ಪ್ರಶ್ನೆ.

ಆ ಕಾಲದ ಹೊಸ ಅಲೆಯ ಚಿತ್ರಗಳಲ್ಲಿ ಕಾರ್ನಾಡರು ನಟರಾಗಿಯೂ ಭಾಗಿಗಳಾದರು. ವಿಜಯ ತೆಂಡೂಲ್ಕರರು ಬರೆದ ‘ನಿಶಾಂತ್’ ಚಿತ್ರದಲ್ಲಿ, ಪತ್ನಿಯನ್ನು ಜಮೀನ್ದಾರನ ಮನೆಯವರು ಊರವರ ಕಣ್ಣೆದುರೇ ಎಳೆದೊಯ್ದಾಗ ಬಾಗಿಲು ಬಾಗಿಲು ಅಲೆದು ಸಹಾಯ ದೊರೆಯದ ಶಾಲಾಮಾಸ್ತರನ ಪಾತ್ರ ಅವರದು. ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಕೊಟ್ಟು ನಿರ್ಮಿಸಿದ 1976ರ ‘ಮಂಥನ್’ ಚಿತ್ರದಲ್ಲಿ ಸಹಕಾರ ಸಂಘವನ್ನು ಕಟ್ಟಲು ಬಂದ ಪಶುವೈದ್ಯನ ಪಾತ್ರ. ದುರ್ಬಲರು ತಮ್ಮದೇ ಹಣದಿಂದ ತಮ್ಮ ಕಥೆಯನ್ನು ಹೇಳಿಸಿಕೊಂಡ ಅಪೂರ್ವ ಪ್ರಸಂಗವದು.

ಗೋವು ಮತ್ತು ಮರ

ಭೈರಪ್ಪನವರ ಇನ್ನೊಂದು ಕಾದಂಬರಿ ‘ತಬ್ಬಲಿಯು ನೀನಾದೆ ಮಗನೆ’ಯನ್ನು ಕಾರ್ನಾಡ ಮತ್ತು ಕಾರಂತರು 1977ರಲ್ಲಿ ಕನ್ನಡದಲ್ಲಿಯೂ, ‘ಗೋಧೂಳಿ’ ಎಂಬ ಹೆಸರಿನಿಂದ ಹಿಂದಿಯಲ್ಲಿಯೂ ತೆರೆಗೆ ತಂದರು. ಅಮೆರಿಕದಲ್ಲಿ ವ್ಯವಸಾಯಶಾಸ್ತ್ರವನ್ನು ಓದಿ ವಿದೇಶೀ ಪತ್ನಿಯೊಡನೆ ಮರಳಿದ ತರುಣನಿಗೆ ಹಸುವು ಆದಾಯದ ಮೂಲ. ಹಳ್ಳಿಗೆ ಅದು ತಾಯಿ. ಚಿತ್ರವು ಎರಡೂ ಪಕ್ಷಗಳ ಮಾತನ್ನು ಕೇಳಿಸುತ್ತದೆ. ಬರಿಯ ಲಾಭದ ಲೆಕ್ಕವೂ ಸಾಲದು, ಬರಿಯ ಪೂಜೆಯೂ ಸಾಲದು. ಹಾಲು ಕೊಡುವುದನ್ನು ನಿಲ್ಲಿಸಿದ ಹಸುವಿಗೆ ಮೇವು ಹಾಕುವವರು ಯಾರೆಂಬುದೇ ದಯೆಯ ನಿಜವಾದ ಪರೀಕ್ಷೆ. ಪಾಂಜರಪೋಳಗಳನ್ನು ನಡೆಸಿಕೊಂಡು ಬಂದಿರುವ ಸಮಾಜಕ್ಕೆ ಇದನ್ನು ವಿವರಿಸಬೇಕಾಗಿಲ್ಲ.

1992ರ ‘ಚೆಲುವಿ’ಯು ಇನ್ನೂ ಸೂಕ್ಷ್ಮವಾದುದು. ಎ.ಕೆ. ರಾಮಾನುಜನ್ ಅವರ ಸಂಗ್ರಹದಿಂದ ಪ್ರಸಿದ್ಧವಾದ, ಹೂಬಿಡುವ ಮರವಾಗಬಲ್ಲ ಹುಡುಗಿಯ ಕನ್ನಡ ಜನಪದ ಕಥೆ ಅದಕ್ಕೆ ಆಧಾರ. ಹೂವನ್ನು ಮೃದುವಾಗಿ ಕೊಯ್ಯಬಹುದು. ಎಲೆ, ಕೊಂಬೆಗಳಿಗೆ ನೋವಾಗಬಾರದು. ಒಮ್ಮೆ ಮಕ್ಕಳು ಆಟದ ಭರದಲ್ಲಿ ಕೊಂಬೆಗಳನ್ನು ಮುರಿಯುತ್ತಾರೆ, ಆಕೆ ಪೂರ್ಣ ಮನುಷ್ಯರೂಪಕ್ಕೆ ಮರಳಲಾಗುವುದಿಲ್ಲ. ಪರಿಸರ ಸಂರಕ್ಷಣೆಯ ಅತ್ಯುತ್ತಮ ಚಿತ್ರವೆಂದು ಇದಕ್ಕೆ ರಾಷ್ಟ್ರಪ್ರಶಸ್ತಿ ಬಂದಿತು. ವನಸ್ಪತಿಯು ಏಕೇಂದ್ರಿಯ ಜೀವವೆಂದು ಜೈನ ಸಿದ್ಧಾಂತವು ಸಾರಿದ್ದನ್ನು ಇಲ್ಲಿ ಜನಪದವು ತನ್ನ ಭಾಷೆಯಲ್ಲಿ ಹೇಳಿದೆ. ಮಕ್ಕಳಲ್ಲಿ ದ್ವೇಷವಿಲ್ಲ, ಇರುವುದು ಎಚ್ಚರಗೇಡಿತನ ಮಾತ್ರ. ಹಿಂಸೆಯ ಲಕ್ಷಣವನ್ನು ಹೇಳುವಾಗ ಸೂತ್ರಕಾರರು ಪ್ರಮಾದವನ್ನೇ ಮೊದಲಿಗೆ ಇಟ್ಟಿರುವ ಕಾರಣ ಇದರಿಂದ ಮನವರಿಕೆಯಾಗುತ್ತದೆ.

ಜನ್ನನ ಹುಂಜ

ಕಾರ್ನಾಡರ ಚಿಂತನೆಯ ಬೇರು ಎಲ್ಲಿದೆಯೆಂದು ತಿಳಿಯಲು ಚಿತ್ರಕಥೆಗಳಿಂದ ಒಂದು ಹೆಜ್ಜೆ ಆಚೆಗೆ, ಅವರ 1980ರ ನಾಟಕ ‘ಹಿಟ್ಟಿನ ಹುಂಜ’ದತ್ತ ನೋಡಬೇಕು. ಅದರ ಮೂಲ ಜನ್ನ ಮಹಾಕವಿಯ ‘ಯಶೋಧರ ಚರಿತೆ’. 1209ರಲ್ಲಿ ರಚಿತವಾದ ಆ ಜೈನ ಕಾವ್ಯದಲ್ಲಿ ಯಶೋಧರನು ತಾಯಿಯ ಒತ್ತಾಯಕ್ಕೆ ಕಟ್ಟುಬಿದ್ದು, ಜೀವಂತ ಹುಂಜದ ಬದಲು ಹಿಟ್ಟಿನ ಹುಂಜವನ್ನು ಬಲಿಕೊಡಲು ಒಪ್ಪುತ್ತಾನೆ. ಹಿಟ್ಟಿಗೆ ಪ್ರಾಣವಿಲ್ಲ. ಆದರೆ ಕತ್ತಿಯೆತ್ತಿದ ಮನಸ್ಸಿನಲ್ಲಿ ಸಂಕಲ್ಪವಿತ್ತು. ಆ ಒಂದು ಸಂಕಲ್ಪಕ್ಕಾಗಿ ತಾಯಿಯೂ ಮಗನೂ ತಿರ್ಯಕ್ ಜನ್ಮಗಳಲ್ಲಿ ತೊಳಲಿ, ಕೊನೆಗೆ ಅಭಯರುಚಿ ಮತ್ತು ಅಭಯಮತಿಯರಾಗಿ ಹುಟ್ಟಿ, ಮಾರಿದತ್ತನಿಗೆ ತಮ್ಮ ಕಥೆಯನ್ನು ಹೇಳಿ ಅವನ ಮನಸ್ಸನ್ನು ಬಲಿಯಿಂದ ತಿರುಗಿಸುತ್ತಾರೆ.

ಕಾರ್ನಾಡರು ಕಥೆಯನ್ನು ತಮ್ಮ ರೀತಿಯಲ್ಲಿ ಬದಲಿಸಿದರು. ಅವರ ನಾಟಕದಲ್ಲಿ ಜನ್ಮಾಂತರಗಳ ಸರಣಿಯಿಲ್ಲ. ರಾಣಿಯು ಹುಟ್ಟಿನಿಂದ ಜೈನಳು, ರಾಜನು ಅವಳಿಗಾಗಿ ಆ ಧರ್ಮವನ್ನು ಸ್ವೀಕರಿಸಿದವನು, ರಾಜಮಾತೆಯು ಬಲಿಯ ಪರವಾಗಿರುವವಳು. ಈ ಮಾರ್ಪಾಡುಗಳು ಎಲ್ಲ ಜೈನ ಓದುಗರಿಗೂ ಹಿತವಾಗಬೇಕೆಂದಿಲ್ಲ. ಜನ್ನನ ಕಾವ್ಯದ ವೈರಾಗ್ಯವನ್ನು ಅಲ್ಲಿ ಹುಡುಕಿದರೆ ನಿರಾಶೆಯಾದೀತು. ಆದರೂ ಸಂಕಲ್ಪವೂ ಹಿಂಸೆಯೇ ಎಂಬ ಜೈನ ಚಿಂತನೆಯ ತಿರುಳನ್ನು ಆಧುನಿಕ ರಂಗಭೂಮಿಗೆ ತಂದವರು ಅವರೇ. ಅದೇ ನಾಟಕದ ಇಂಗ್ಲಿಷ್ ರೂಪವು 2002ರಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಪ್ರದರ್ಶನಗೊಂಡಿತು. ಶ್ರವಣಬೆಳಗೊಳದ ನಾಡಿನ ಒಂದು ಪ್ರಶ್ನೆ ಹೀಗೆ ಕಡಲಾಚೆಗೂ ಕೇಳಿಸಿತು.

ಪದವಿಗಳು ಮತ್ತು ಕೊನೆಯ ವರ್ಷಗಳು

1974-75ರಲ್ಲಿ ಕಾರ್ನಾಡರು ಪುಣೆಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯ ನಿರ್ದೇಶಕರಾಗಿದ್ದರು. 1988ರಿಂದ 1993ರವರೆಗೆ ಸಂಗೀತ ನಾಟಕ ಅಕಾಡೆಮಿಯ ಅಧ್ಯಕ್ಷರಾಗಿದ್ದರು. 1974ರಲ್ಲಿ ಪದ್ಮಶ್ರೀ, 1992ರಲ್ಲಿ ಪದ್ಮಭೂಷಣ, 1998ರಲ್ಲಿ ಜ್ಞಾನಪೀಠ ಪ್ರಶಸ್ತಿಗಳು ಬಂದವು. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯನ್ನು 1999ರಲ್ಲಿ ಚಿತ್ರವಾಗಿಸಿದರು.

ಜೀವನದ ಸಂಧ್ಯೆಯಲ್ಲಿ ಶ್ವಾಸಕೋಶದ ರೋಗದಿಂದ ಬಳಲುತ್ತ, ಮೂಗಿಗೆ ಆಮ್ಲಜನಕದ ನಳಿಕೆಯನ್ನು ಧರಿಸಿಯೇ ಅವರು ಸಾರ್ವಜನಿಕ ಸಭೆಗಳಿಗೆ ಬರುತ್ತಿದ್ದರು. 2017ರ ಜೂನ್ ತಿಂಗಳಿನಲ್ಲಿ, ಗುಂಪುಗಳು ಅಮಾಯಕರನ್ನು ಹೊಡೆದು ಕೊಲ್ಲುತ್ತಿದ್ದುದನ್ನು ವಿರೋಧಿಸಿ ಬೆಂಗಳೂರಿನ ಪುರಭವನದ ಮುಂದೆ ನಾಗರಿಕರು ಸೇರಿದಾಗ ಅವರೂ ಅಲ್ಲಿದ್ದರು. ‘ನನ್ನ ಹೆಸರಿನಲ್ಲಿ ಬೇಡ’ ಎಂಬುದು ಆ ದಿನದ ಘೋಷಣೆಯ ಅರ್ಥ. ಜೈನ ಪರಿಭಾಷೆಯಲ್ಲಿ ಹೇಳುವುದಾದರೆ ಅದು ಅನುಮೋದನೆಯನ್ನು ಹಿಂತೆಗೆದುಕೊಳ್ಳುವ ಕ್ರಿಯೆ. ಅವರ ರಾಜಕೀಯ ನಿಲುವುಗಳನ್ನು ಒಪ್ಪದವರು ಬಹಳ ಮಂದಿ. ಅವರೊಡನೆ ಭಿನ್ನಾಭಿಪ್ರಾಯವಿರುವುದು ಅನೇಕಾಂತ ದೃಷ್ಟಿಗೆ ವಿರುದ್ಧವಲ್ಲ. ಆದರೆ ಬರೆದದ್ದಕ್ಕೆ ತಕ್ಕಂತೆ ನಿಂತರೆಂಬುದನ್ನು ವಿರೋಧಿಗಳೂ ಅಲ್ಲಗಳೆಯಲಾರರು. 2019ರ ಜೂನ್ 10ರಂದು ಬೆಂಗಳೂರಿನಲ್ಲಿ ಅವರು ನಿಧನರಾದರು. ಅವರ ಇಚ್ಛೆಯಂತೆ ಕುಟುಂಬದವರು ಸರ್ಕಾರಿ ಗೌರವವನ್ನು ಬೇಡವೆಂದರು. ‘ಸಂಸ್ಕಾರ’ದ ಪ್ರಾಣೇಶಾಚಾರ್ಯರ ಅಂತ್ಯಸಂಸ್ಕಾರವು ಯಾವ ವಿಧಿಯೂ ಇಲ್ಲದೆ ಸರಳವಾಗಿ ನಡೆಯಿತು.

ಒಂದು ಮಿತಿ, ಒಂದು ಪಾಠ

ಕಾರ್ನಾಡರ ಚಿತ್ರಕಥೆಗಳಿಗೂ ಮಿತಿಯಿದೆ. ಅಗ್ರಹಾರ, ಗೌಡರ ಮನೆ, ಹೆಗ್ಗಡೆಯ ಚಾವಡಿಗಳ ಒಳಗಿನಿಂದ ಅವರು ಲೋಕವನ್ನು ಕಂಡರು. ‘ಸಂಸ್ಕಾರ’ದ ಮೂಲ ಕಾದಂಬರಿಯಲ್ಲಿ ಪ್ಲೇಗಿಗೆ ತುತ್ತಾಗುವವರಲ್ಲಿ ಊರ ಹೊರಗಿನ ದಲಿತ ಕೇರಿಯವರೂ ಇದ್ದಾರೆ. ಅವರ ಶವಗಳ ಬಗ್ಗೆ ಶಾಸ್ತ್ರವನ್ನು ತೆರೆದು ನೋಡುವವರು ಯಾರೂ ಇಲ್ಲ. ಗುಡಿಸಲೊಡನೆ ಅವು ಸುಟ್ಟುಹೋಗುತ್ತವೆ. ಕೇರಿಯ ಒಳಗಿನಿಂದ ಬರೆದ ಚಿತ್ರಕಥೆಗಳಿಗೆ ಭಾರತೀಯ ಚಿತ್ರರಂಗವು ಮುಂದಿನ ತಲೆಮಾರಿನವರೆಗೆ ಕಾಯಬೇಕಾಯಿತು. ಕೋಲಾರದ ಚಿನ್ನದ ನೆಲಕ್ಕೆ ಬಂದ ದಲಿತ ಕುಟುಂಬಗಳ ಪೂರ್ವಕಥೆಯನ್ನು ಕಲ್ಪನೆಯೊಡನೆ ಬೆರೆಸಿ ಪಾ. ರಂಜಿತ್ ಅವರು ತಮಿಳಿನಲ್ಲಿ ‘ತಂಗಲಾನ್’ ಎಂಬ ಚಿತ್ರವಾಗಿಸಿದ್ದು 2024ರಲ್ಲಿ. ಗಣಿಯಲ್ಲಿ ಇಳಿದವರ, ಧೂಳು ಕುಡಿದವರ, 2001ರ ನಂತರ ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಹೊರಟವರ ಮಕ್ಕಳಿಗೆ ಹೇಳಲು ಇನ್ನೂ ಬಹಳವಿದೆ.

ಇನ್ನು ಪಾಠ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಎರಡನೆಯದು ತದಾಹೃತಾದಾನ, ಅಂದರೆ ಕಳ್ಳನು ತಂದದ್ದನ್ನು ಕೊಳ್ಳುವುದು. ಕೊಂಡವನು ಕದ್ದಿಲ್ಲ, ಕದಿಯಲು ಹೇಳಿಲ್ಲ, ಬೆಲೆಯನ್ನೂ ಕೊಟ್ಟಿದ್ದಾನೆ. ಆದರೂ ವ್ರತಕ್ಕೆ ಕಲೆ ತಗುಲಿತೆಂದು ಆಚಾರ್ಯರು ನಿರ್ಣಯಿಸಿದ್ದಾರೆ. ವಸ್ತುವಿನ ಮೂಲವನ್ನು ವಿಚಾರಿಸುವ ಹೊಣೆ ಕೊಳ್ಳುವವನ ಮೇಲಿದೆ ಎಂಬುದೇ ಇದರ ತಾತ್ಪರ್ಯ. ವ್ಯಾಪಾರವನ್ನೇ ವೃತ್ತಿಯಾಗಿ ಉಳ್ಳ ಸಮಾಜಕ್ಕೆ ಹೇಳಿದ ಮಾತಿದು. ಕಳವಿನ ಮಾಲಿಗೆ ಅನ್ವಯಿಸುವ ನ್ಯಾಯವು ನೋವಿನ ಮಾಲಿಗೆ ಅನ್ವಯಿಸದೆ ಇರಬಲ್ಲದೆ? ಮದುವೆಯ ಮನೆಯಲ್ಲಿ ತೂಗುವ ಚಿನ್ನಕ್ಕೂ, ಬಸದಿಯ ಕಲಶಕ್ಕೆ ಭಕ್ತಿಯಿಂದ ಅರ್ಪಿಸುವ ಚಿನ್ನಕ್ಕೂ ಎಲ್ಲೋ ಒಂದು ಗಣಿಯಿದೆ, ಅದರಲ್ಲಿ ಇಳಿದ ಒಬ್ಬ ಮನುಷ್ಯನಿದ್ದಾನೆ. ಅವನಿಗೆ ಸರಿಯಾದ ಕೂಲಿ ದೊರೆಯಿತೆ, ಅವನ ಎದೆ ಗಟ್ಟಿಯಾಗಿ ಉಳಿಯಿತೆ ಎಂದು ಕೇಳುವುದು ಭಕ್ತಿಗೆ ಕುಂದಲ್ಲ. ಚಿನ್ನವನ್ನು ಕೊಳ್ಳಬಾರದೆಂಬುದು ಇದರ ಅರ್ಥವಲ್ಲ. ಪರಿಗ್ರಹಕ್ಕೆ ಪರಿಮಾಣವನ್ನು ಇಟ್ಟುಕೊಂಡ ಶ್ರಾವಕನು ಕೊಂಡ ಅಲ್ಪವನ್ನಾದರೂ ವಿಚಾರಿಸಿ ಕೊಳ್ಳಲಿ ಎಂಬುದಷ್ಟೆ. ಟ್ರಸ್ಟುಗಳ ವಾರ್ಷಿಕ ಸಭೆಯಲ್ಲಿ ಎಷ್ಟು ಚಿನ್ನ ಬಂದಿತೆಂಬ ಲೆಕ್ಕದೊಡನೆ, ದುಡಿದವರಿಗೆ ಎಷ್ಟು ಸಂದಿತೆಂಬ ಲೆಕ್ಕವೂ ಮಂಡಿತವಾದರೆ ಅದೂ ಧರ್ಮಪ್ರಭಾವನೆಯೇ.

ಚಂದ್ರಿಯು ಒಡವೆಗಳನ್ನು ಮುಂದಿಟ್ಟಾಗ ಅಗ್ರಹಾರದವರ ದೃಷ್ಟಿ ಚಿನ್ನದ ಮೇಲೆ ನಿಂತಿತು. ಒಳಗಿದ್ದ ಶವವನ್ನು ಅವರು ಮರೆತರು. ಐವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಒಬ್ಬ ಚಿತ್ರಕಥೆಗಾರನು ತೆರೆಯ ಮೇಲೆ ಮೂಡಿಸಿದ ಆ ದೃಶ್ಯವನ್ನು ಸಾಯಂಕಾಲದ ಪ್ರತಿಕ್ರಮಣದಲ್ಲಿ ಅನುಮತದ ದೋಷವನ್ನು ಎಣಿಸುವಾಗ ಒಮ್ಮೆ ನೆನೆದರೆ, 108 ಮಣಿಗಳಲ್ಲಿ ಕೈಗೆ ಸಿಗದೆ ಜಾರುವ ಆ 36 ಮಣಿಗಳೂ ಲೆಕ್ಕಕ್ಕೆ ಬರುತ್ತವೆ.